ಕೆರೆಹೇತಾ ಸಿನಿಮಾಗಳು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಸ್ಪೇನಿನ ನಿರ್ಮಾಪಕ ಎಲಿಯಾಸ್ ಕೆರೆಹೇತಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ: ಅವರ ಕ್ರೈಮ್ ಸಿನಿಮಾಗಳು, ಕೆಲಸ ಹೋದವರ ಬಗ್ಗೆ ಒಂದು ಸಿನಿಮಾ, ಜೊತೆಗೆ ಒಂದಿಷ್ಟು ಹೊಗಳಿಕೆ. ಆ ನಾಲ್ಕು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಪೂರ್ತಿ ಅಂಕಣ ಅವರಿಗೇ.

ಪ್ರಶ್ನೆ: ನಿರ್ಮಾಪಕ ಅಂದ್ರೆ ದುಡ್ಡು ಹಾಕುವವರು. ಸಿನಿಮಾ ನಿರ್ದೇಶಕನದ್ದು ಅಲ್ವಾ? ನೀವು ನಿರ್ಮಾಪಕರನ್ನು ಯಾಕೆ ಇಷ್ಟು ಹೊಗಳುತ್ತೀರಿ? (ಶಿವಮೊಗ್ಗದ ಓದುಗರು)

ದುಡ್ಡು ಹಾಕುವುದಷ್ಟೇ ಅವರ ಕೆಲಸವಾಗಿದ್ದರೆ ನಾನೂ ಹೊಗಳುತ್ತಿರಲಿಲ್ಲ. ಕೆರೆಹೇತಾ ಹುಟ್ಟಿದ್ದು 1934ರಲ್ಲಿ, ಬಾಸ್ಕ್ ಸೀಮೆಯ ಎರ್ನಾನಿ ಎಂಬ ಊರಲ್ಲಿ. ಮೊದಲು ಫುಟ್‌ಬಾಲ್ ಆಟಗಾರ. ರಿಯಲ್ ಸೊಸಿಯೆದಾದ್ ತಂಡಕ್ಕೆ ಆಡುತ್ತಿದ್ದರು. ರಿಯಲ್ ಮ್ಯಾಡ್ರಿಡ್ ವಿರುದ್ಧ ಅವರು ಹೊಡೆದ ಒಂದು ಗೋಲನ್ನು ಆ ಕಡೆಯ ಜನ ಬಹಳ ಕಾಲ ನೆನೆಯುತ್ತಿದ್ದರು. ಆಮೇಲೆ ಆಟ ಬಿಟ್ಟು ಮ್ಯಾಡ್ರಿಡ್‌ಗೆ ಬಂದು ಸಿನಿಮಾಕ್ಕೆ ಇಳಿದರು.

ಅವರು ಮಾಡಿದ ದೊಡ್ಡ ಕೆಲಸ ಒಂದು ತಂಡ ಕಟ್ಟಿದ್ದು. ಕ್ಯಾಮೆರಾಕ್ಕೆ ಲೂಯಿಸ್ ಕ್ವಾದ್ರಾದೋ, ಎಡಿಟಿಂಗ್‌ಗೆ ಪಾಬ್ಲೋ ದೆಲ್ ಆಮೋ, ಸಂಗೀತಕ್ಕೆ ಲೂಯಿಸ್ ದೆ ಪಾಬ್ಲೋ. ಕ್ವಾದ್ರಾದೋ ಕಣ್ಣು ಹೋದ ಮೇಲೆ ಕ್ಯಾಮೆರಾ ಅವರ ಹತ್ತಿರವೇ ಪಳಗಿದ ತೇವೋ ಎಸ್ಕಮೀಯಾ ಕೈಗೆ ಬಂತು. ನಿರ್ದೇಶಕರು ಬರುತ್ತಿದ್ದರು, ಹೋಗುತ್ತಿದ್ದರು. ತಂಡ ಮಾತ್ರ ಅದೇ. ನಿರ್ದೇಶಕ ಕಾರ್ಲೋಸ್ ಸೌರಾ ಒಬ್ಬರಿಗೇ 1966ರಿಂದ 1982ರೊಳಗೆ 13 ಸಿನಿಮಾ ನಿರ್ಮಿಸಿದರು. ಚಿತ್ರಕಥೆ ಬರೆಯುವಾಗ ಜೊತೆಗೆ ಕೂರುತ್ತಿದ್ದರು, ಎಷ್ಟೋ ಸಿನಿಮಾಗಳಲ್ಲಿ ಬರಹಗಾರರ ಪಟ್ಟಿಯಲ್ಲೇ ಅವರ ಹೆಸರಿದೆ. ಸೌರಾ ಅವರನ್ನು ಬಿಟ್ಟು ಹೊಸಬರ ಸಿನಿಮಾ ತೆಗೆದುಕೊಳ್ಳಿ, ಅಲ್ಲೂ ಅದೇ ವಾಸನೆ. ಊರಿನ ಅಂಚಿನಲ್ಲಿ ಬದುಕುವವರು, ಕೆಲಸ ಕಳೆದುಕೊಂಡವರು, ಕದಿಯುವ ಹುಡುಗರು, ಕಾಗದಪತ್ರ ಇಲ್ಲದ ವಲಸಿಗರು. ನಲವತ್ತು ವರ್ಷ ಒಬ್ಬ ಮನುಷ್ಯ ಅದೇ ಜನರ ಕಡೆ ಕ್ಯಾಮೆರಾ ತಿರುಗಿಸಿಟ್ಟ ಅಂದರೆ ಅದು ಬರೀ ವ್ಯಾಪಾರ ಅಲ್ಲ. ಅವರು ತೀರಿಕೊಂಡಿದ್ದು 2013ರಲ್ಲಿ.

ಪ್ರಶ್ನೆ: ಕ್ರೈಮ್ ಸಿನಿಮಾ ಅಂದಿರಿ. ಆದರೆ ಕೊಲೆಗಾರ ಯಾರು ಅಂತ ಹುಡುಕುವ ಕಥೆ ಒಂದೂ ಇಲ್ಲವಂತಲ್ಲ? (ಹುಬ್ಬಳ್ಳಿಯ ಓದುಗರು)

ನಿಜ, ಇಲ್ಲ. ಅವರ ಸಿನಿಮಾದಲ್ಲಿ ಡಿಟೆಕ್ಟಿವ್ ಇಲ್ಲ, ಸುಳಿವು ಇಲ್ಲ, ಕೊನೆಯಲ್ಲಿ ಬಯಲಾಗುವ ಗುಟ್ಟೂ ಇಲ್ಲ. ಯಾರು ಮಾಡಿದರು ಅನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಗಿರುತ್ತದೆ.

1981ರ ‘ದೆಪ್ರೀಸಾ, ದೆಪ್ರೀಸಾ’ ನೋಡಿ. ಸೌರಾ ನಿರ್ದೇಶನ, ಬರ್ಲಿನ್ ಚಿತ್ರೋತ್ಸವದ ಮೊದಲ ಬಹುಮಾನ ಚಿನ್ನದ ಕರಡಿ ಗೆದ್ದ ಸಿನಿಮಾ. ಶುರುವಿನಲ್ಲೇ ಇಬ್ಬರು ಹುಡುಗರು ಬೀದಿಯಲ್ಲಿ ನಿಂತಿದ್ದ ಕಾರಿನೊಳಗೆ ಕೂತು ವೈರ್ ಎಳೆದು ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದಾರೆ. ಅಷ್ಟರಲ್ಲಿ ಕಾರಿನ ಯಜಮಾನ ಬರುತ್ತಾನೆ. ಕಿಟಕಿ ಬಡಿಯುತ್ತಾನೆ, ಕೂಗುತ್ತಾನೆ. ಜನ ಸೇರುತ್ತಾರೆ. ಕ್ಯಾಮೆರಾ ಹುಡುಗರ ಜೊತೆ ಕಾರಿನ ಒಳಗೇ ಇದೆ. ಹೊರಗಿನವರ ಮುಖ ಗಾಜಿಗೆ ಅಂಟಿಕೊಂಡಂತೆ ಕಾಣುತ್ತದೆ. ಒಬ್ಬ ಹುಡುಗ ಪಿಸ್ತೂಲು ತೋರಿಸುತ್ತಾನೆ, ಜನ ಹಿಂದೆ ಸರಿಯುತ್ತಾರೆ, ಕಾರು ಹೊರಡುತ್ತದೆ. ಅಷ್ಟೇ. ಆದರೆ ನಾವು ಎಲ್ಲಿ ಕೂತು ನೋಡಿದೆವು ಅಂತ ಗಮನಿಸಿ. ಕಳ್ಳರ ಪಕ್ಕದ ಸೀಟಿನಲ್ಲಿ. ಇಡೀ ಸಿನಿಮಾ ಆ ಸೀಟು ಬಿಟ್ಟು ಏಳುವುದಿಲ್ಲ.

ಹುಡುಗರ ಜೊತೆ ಒಬ್ಬಳು ಹುಡುಗಿ ಸೇರುತ್ತಾಳೆ, ಆಂಹೆಲಾ. ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದವಳು. ಗುಂಡು ಹೊಡೆಯುವುದನ್ನು ಕಲಿಯುತ್ತಾಳೆ, ಅಂಟಿಸಿದ ಮೀಸೆ ಹಾಕಿಕೊಂಡು ದರೋಡೆಗೆ ಹೋಗುತ್ತಾಳೆ. ಕದ್ದ ದುಡ್ಡಿನಲ್ಲಿ ರೈಲು ಹಳಿ ಹತ್ತಿರ ಒಂದು ಫ್ಲಾಟ್ ಕೊಳ್ಳುತ್ತಾರೆ. ಸಮುದ್ರ ನೋಡಲು ಹೋಗುತ್ತಾರೆ. ಅವರ ಆಸೆ ಅಂದರೆ ಇಷ್ಟೇ. ಮನೆ, ಕಾರು, ಸಮುದ್ರ. ಕೊನೆಗೆ ಅವಳ ಹುಡುಗ ಪಾಬ್ಲೋ ಗುಂಡು ತಿಂದು ಮನೆಯಲ್ಲಿ ಬಿದ್ದಿರುತ್ತಾನೆ. ಡಾಕ್ಟರ್ ಬರುತ್ತಾನೆ, ದುಡ್ಡು ತಗೊಳ್ಳುತ್ತಾನೆ, ಹೋಗುತ್ತಾನೆ. ಬ್ಯಾಂಕ್ ದರೋಡೆ ಮಾಡಿದವರಿಗಿಂತ ನನಗೆ ಆ ಡಾಕ್ಟರ್ ಮೇಲೆ ಸಿಟ್ಟು ಜಾಸ್ತಿ ಬಂತು. ಅದೇ ಈ ಸಿನಿಮಾದ ಶಕ್ತಿ ಅಂತ ನನ್ನ ಅನಿಸಿಕೆ.

ನಟರು ಯಾರೂ ವೃತ್ತಿಯವರಲ್ಲ. ಮ್ಯಾಡ್ರಿಡ್ ಹೊರವಲಯದ ಬಡಾವಣೆಗಳಿಂದ ಆರಿಸಿ ತಂದ ಹುಡುಗರು. ಪಾಬ್ಲೋ ಪಾತ್ರ ಮಾಡಿದ ಹುಡುಗ ಸಿನಿಮಾ ಆದ ಮೇಲೆ ನಿಜವಾದ ಬ್ಯಾಂಕ್ ದರೋಡೆ ಕೇಸಿನಲ್ಲಿ ಸಿಕ್ಕಿಬಿದ್ದ. 1992ರಲ್ಲಿ ಜೈಲಿನಲ್ಲೇ ಹೆರಾಯಿನ್ ಅವನ ಜೀವ ತೆಗೆಯಿತು. ಆ ಕಾಲದಲ್ಲಿ ಸ್ಪೇನಿನ ಇಂಥ ಎಷ್ಟೋ ಬಡಾವಣೆಗಳಲ್ಲಿ ಒಂದು ತಲೆಮಾರಿನ ಹುಡುಗರನ್ನು ಹೆರಾಯಿನ್ ತಿಂದುಹಾಕಿತು. ಇದು ಗೊತ್ತಿದ್ದು ಸಿನಿಮಾ ನೋಡಿದರೆ ಆ ಹುಡುಗ ನಕ್ಕಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಐದು ವರ್ಷದ ನಂತರ, 1986ರಲ್ಲಿ, ಕೆರೆಹೇತಾ ಮೋಂಚೋ ಆರ್ಮೆಂದಾರಿಸ್ ಕೈಲಿ ‘27 ಓರಾಸ್’ ಮಾಡಿಸಿದರು. ಅದೂ ಹೆರಾಯಿನ್‌ಗೆ ಬಿದ್ದ ಒಬ್ಬ ಹುಡುಗನ ಕಥೆಯೇ. ಆ ವಿಷಯ ಅವರನ್ನು ಬಿಡಲಿಲ್ಲ.

ಪ್ರಶ್ನೆ: ಫ್ರಾಂಕೋ ಸರ್ವಾಧಿಕಾರ ಇದ್ದಾಗ ಇಂಥ ಸಿನಿಮಾ ಮಾಡಲು ಹೇಗೆ ಬಿಟ್ಟರು? (ಧಾರವಾಡದ ಓದುಗರು)

ಸುಮ್ನೆ ಬಿಡಲಿಲ್ಲ. ಚಿತ್ರಕಥೆಯನ್ನು ಮೊದಲು ಸೆನ್ಸಾರ್‌ಗೆ ಕೊಡಬೇಕು, ಸಿನಿಮಾ ಆದ ಮೇಲೆ ಮತ್ತೆ ತೋರಿಸಬೇಕು. ಆದರೆ 60ರ ದಶಕದಲ್ಲಿ ಸರ್ಕಾರಕ್ಕೆ ಹೊರದೇಶದಲ್ಲಿ ಒಳ್ಳೆಯ ಹೆಸರೂ ಬೇಕಿತ್ತು. ಬರ್ಲಿನ್, ಕಾನ್ ಉತ್ಸವಗಳಲ್ಲಿ ಸ್ಪೇನಿನ ಸಿನಿಮಾ ಗೆದ್ದರೆ ಅವರಿಗೂ ಮರ್ಯಾದೆ. ಕೆರೆಹೇತಾ ಆ ಸಂದಿಯಲ್ಲೇ ದಾರಿ ಮಾಡಿಕೊಂಡರು.

1966ರ ‘ಲಾ ಕಾಥಾ’ ಅಂದರೆ ‘ಬೇಟೆ’. ನಾಲ್ಕು ಗಂಡಸರು ಸುಡು ಬಿಸಿಲಲ್ಲಿ ಮೊಲದ ಬೇಟೆಗೆ ಹೋಗುತ್ತಾರೆ. ಮೂವರು ಯುದ್ಧದಲ್ಲಿ ಒಟ್ಟಿಗಿದ್ದ ಹಳೇ ಗೆಳೆಯರು, ಒಬ್ಬ ಎಳೆಯ ಹುಡುಗ. ಯಾವ ಯುದ್ಧ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದು ಫ್ರಾಂಕೋ ಗೆದ್ದ ಸ್ಪೇನಿನ ಅಂತರ್ಯುದ್ಧ ಅಂತ ಥಿಯೇಟರ್‌ನಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಗುಹೆಯಲ್ಲಿ ಒಂದು ಅಸ್ಥಿಪಂಜರ ಇದೆ. ಅದು ಯಾರದು ಅಂತಲೂ ಬಿಡಿಸಿ ಹೇಳಬೇಕಿಲ್ಲ. ಸಾಲದ ವಿಷಯ ಬರುತ್ತದೆ, ಹಳೇ ಅವಮಾನ ಬರುತ್ತದೆ, ಬಿಸಿಲು ಏರುತ್ತದೆ. ಸಂಜೆ ಹೊತ್ತಿಗೆ ಮೂವರೂ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿಕೊಂಡು ಸಾಯುತ್ತಾರೆ. ಹುಡುಗ ಓಡುತ್ತಾನೆ.

ಆ ಮೂವರಲ್ಲಿ ಒಬ್ಬರು ಆಲ್ಫ್ರೆದೋ ಮಾಯೋ. 1942ರಲ್ಲಿ ಫ್ರಾಂಕೋ ತಾನೇ ಬೇರೆ ಹೆಸರಿನಲ್ಲಿ ಕಥೆ ಬರೆದ ‘ರಾಸಾ’ ಸಿನಿಮಾದ ಹೀರೋ ಇವರೇ. ಆಗ ಗೆದ್ದವರ ಪಾಳೆಯದ ಆದರ್ಶ ಯೋಧ. ಈಗ ಅದೇ ಮುಖಕ್ಕೆ ಸುಕ್ಕು, ಬೆವರು, ಅಸೂಯೆ. ಸೆನ್ಸಾರ್‌ನವರು ಸಂಭಾಷಣೆ ಕತ್ತರಿಸಬಹುದು, ಒಬ್ಬ ನಟನ ಮುಖದಲ್ಲಿ ಜನರಿಗೆ ಇರುವ ನೆನಪನ್ನು ಹೇಗೆ ಕತ್ತರಿಸುತ್ತಾರೆ? ಪಾತ್ರಕ್ಕೆ ಇವರನ್ನು ಆರಿಸಿದ್ದು ಎಂಥಾ ಬುದ್ಧಿವಂತಿಕೆ ನೋಡಿ. ಸೌರಾಗೆ ಬರ್ಲಿನ್‌ನಲ್ಲಿ ಅತ್ಯುತ್ತಮ ನಿರ್ದೇಶಕ ಎಂದು ಬೆಳ್ಳಿ ಕರಡಿ ಬಂತು.

ಯಾವಾಗಲೂ ಇಷ್ಟು ಸಲೀಸಾಗಿ ಆಗಲಿಲ್ಲ. 1974ರಲ್ಲಿ ಸೌರಾ ಅವರ ‘ಲಾ ಪ್ರೀಮಾ ಆಂಹೆಲಿಕಾ’ ಬಂದಾಗ ಬಲಪಂಥೀಯರು ಥಿಯೇಟರ್‌ಗೆ ನುಗ್ಗಿದರು. ಬಾರ್ಸಿಲೋನಾದ ಒಂದು ಚಿತ್ರಮಂದಿರಕ್ಕೆ ಬೆಂಕಿಬಾಂಬು ಹಾಕಿದರು. ಅಂಥ ರೊಚ್ಚಿಗೆ ಮುಖ್ಯ ಕಾರಣ ಒಂದು ಪಾತ್ರ. ಫಲಾಂಹೆ ಎಂಬ ಫ್ಯಾಸಿಸ್ಟ್ ಪಕ್ಷದ ಸಮವಸ್ತ್ರ ಹಾಕಿದವನ ಕೈಗೆ ಪ್ಲಾಸ್ಟರ್ ಹಾಕಿದ್ದಾರೆ, ಕೈ ಫ್ಯಾಸಿಸ್ಟ್ ಸಲಾಮಿನ ಭಂಗಿಯಲ್ಲೇ ನಿಂತುಬಿಟ್ಟಿದೆ.

ಪ್ರಶ್ನೆ: ನಮ್ಮಪ್ಪ ಚಿನ್ನದ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರು ಮಾತು ಕಡಿಮೆ ಮಾಡಿದರು. ಕೆಲಸ ಹೋದವರ ಬಗ್ಗೆ ಒಂದು ಸಿನಿಮಾ ಇದೆ ಅಂದಿದ್ದಿರಿ, ಯಾವುದು? (ಕೆಜಿಎಫ್‌ನ ಓದುಗರು)

‘ಲೋಸ್ ಲೂನೆಸ್ ಅಲ್ ಸೋಲ್’, 2002. ನಿರ್ದೇಶಕ ಫೆರ್ನಾಂದೋ ಲಿಯೋನ್ ದೆ ಅರನೋವಾ. ಹೆಸರಿನ ಅರ್ಥ ಬಿಸಿಲಲ್ಲಿ ಕಳೆಯುವ ಸೋಮವಾರಗಳು. ಎಲ್ಲರೂ ಕೆಲಸಕ್ಕೆ ಹೋಗಿರುವ ಹೊತ್ತಲ್ಲಿ ಇವರು ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ.

ಹಡಗು ಕಟ್ಟುವ ಯಾರ್ಡ್ ಮುಚ್ಚಿದೆ. ಒಬ್ಬ ಪರಿಹಾರದ ದುಡ್ಡಲ್ಲಿ ಬಾರ್ ತೆರೆದಿದ್ದಾನೆ, ಉಳಿದವರು ಅಲ್ಲೇ ಬಂದು ಕೂರುತ್ತಾರೆ. ಚಿತ್ರೀಕರಣ ನಡೆದಿದ್ದು ವೀಗೋ ಬಂದರಿನಲ್ಲಿ. ಕಥೆಗೆ ಪ್ರೇರಣೆ ಹಿಹೋನ್ ಊರಿನ ಯಾರ್ಡ್ ಕಾರ್ಮಿಕರ ಹೋರಾಟ. ಹವಿಯೇರ್ ಬಾರ್ದೆಮ್ ಮಾಡಿದ ಸಾಂತಾ ಪ್ರತಿಭಟನೆಯಲ್ಲಿ ಒಂದು ಬೀದಿದೀಪ ಒಡೆದಿದ್ದಾನೆ. ದಂಡ ಸಣ್ಣದು, ಕಟ್ಟಿ ಮುಗಿಸು ಅಂತ ಎಲ್ಲರೂ ಹೇಳುತ್ತಾರೆ. ಅವನು ಒಪ್ಪುವುದಿಲ್ಲ. ಕೊನೆಗೆ ಕಟ್ಟುತ್ತಾನೆ. ಕಟ್ಟಿ ಬಂದು ಅದೇ ದೀಪಕ್ಕೆ ಮತ್ತೆ ಕಲ್ಲು ಹೊಡೆಯುತ್ತಾನೆ.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ನೆನಪಾಗಿದ್ದು ಲೀನೋ. ವಯಸ್ಸಾದವನು, ಇನ್ನೂ ಇಂಟರ್‌ವ್ಯೂಗೆ ಹೋಗುತ್ತಾನೆ. ಪಕ್ಕದಲ್ಲಿ ಕೂತವರೆಲ್ಲ ಮಗನ ವಯಸ್ಸಿನವರು. ಕೂದಲಿಗೆ ಬಣ್ಣ ಹಚ್ಚಿಕೊಂಡು ಹೋಗುತ್ತಾನೆ. ಕಾಯುತ್ತಾ ಕೂತಾಗ ಬೆವರಿನ ಜೊತೆ ಬಣ್ಣ ಇಳಿಯುತ್ತದೆ. ಹೋಸೆ ಎಂಬ ಇನ್ನೊಬ್ಬನ ಹೆಂಡತಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಮನೆ ನಡೆಯುವುದು ಅವಳ ಸಂಬಳದಲ್ಲಿ, ಅವನಿಗೆ ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ಹೀಗೆ ಗಂಡಸರ ಮೌನ ಎಲ್ಲಿಂದ ಬರುತ್ತದೆ ಅಂತ ಈ ಸಿನಿಮಾ ಒಂದೊಂದೇ ಮನೆ ಹೊಕ್ಕು ತೋರಿಸುತ್ತದೆ. ಯಾರನ್ನೂ ಬಯ್ಯುವುದಿಲ್ಲ, ಯಾರಿಗೂ ಅಯ್ಯೋ ಪಾಪ ಅನ್ನುವುದಿಲ್ಲ. ಸಾನ್ ಸೆಬಾಸ್ಟಿಯನ್ ಉತ್ಸವದಲ್ಲಿ ಮೊದಲ ಬಹುಮಾನ, ಆಮೇಲೆ ಸ್ಪೇನಿನ ಸಿನಿಮಾ ಪ್ರಶಸ್ತಿಯಾದ ಗೋಯಾ 5.

ಅಪ್ಪನ ಜೊತೆ ನೋಡಿ. ಸಬ್‌ಟೈಟಲ್ ಓದಲು ಅವರಿಗೆ ಕಷ್ಟವಾದರೆ ನೀವೇ ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಿ. ನಗುವ ಜಾಗಗಳೂ ತುಂಬಾ ಇವೆ. ಮಧ್ಯೆ ಅವರು ಏನಾದರೂ ಹೇಳಲು ಶುರು ಮಾಡಿದರೆ ಸಿನಿಮಾ ನಿಲ್ಲಿಸಿಬಿಡಿ, ಅದು ಎಲ್ಲಿಗೂ ಓಡಿಹೋಗಲ್ಲ.

ಪ್ರಶ್ನೆ: ಹೊರದೇಶಕ್ಕೆ ದುಡಿಯಲು ಹೋದವರ ಸಿನಿಮಾ ಇದೆಯಾ? (ಮಸ್ಕತ್‌ನಿಂದ ಓದುಗರು)

ಇದೆ. ‘ಲಾಸ್ ಕಾರ್ತಾಸ್ ದೆ ಅಲೋವ್’, 1990, ಆರ್ಮೆಂದಾರಿಸ್ ನಿರ್ದೇಶನ. ಸೆನೆಗಲ್‌ನ ಅಲೋವ್ ರಾತ್ರಿ ದೋಣಿಯಲ್ಲಿ ಸ್ಪೇನಿಗೆ ಬಂದಿಳಿಯುತ್ತಾನೆ. ಕಾಗದಪತ್ರ ಇಲ್ಲ. ದಕ್ಷಿಣದ ಪ್ಲಾಸ್ಟಿಕ್ ಹೊದಿಸಿದ ತೋಟಗಳಲ್ಲಿ ಕೂಲಿ, ಆಮೇಲೆ ಹಣ್ಣು ಕೀಳುವ ಕೆಲಸ, ಹೀಗೆ ಊರೂರು. ಗೆಳೆಯನಿಗೆ, ಮನೆಯವರಿಗೆ ಬರೆಯುವ ಪತ್ರಗಳೇ ಕಥೆಯ ಎಳೆ. ಕೊನೆಗೆ ಹಿಡಿದು ವಾಪಸ್ ಕಳಿಸುತ್ತಾರೆ, ಅವನು ಮತ್ತೆ ದೋಣಿ ಹತ್ತುತ್ತಾನೆ. ಸ್ಪೇನಿನವರು ವಲಸಿಗರ ಬಗ್ಗೆ ಜಾಸ್ತಿ ಯೋಚಿಸದೇ ಇದ್ದ ಕಾಲದಲ್ಲೇ ಇದು ಬಂತು. ನೀವು ಮನೆಗೆ ಫೋನ್ ಮಾಡಿದಾಗ ಹೇಳದೆ ಬಿಟ್ಟ ಮಾತುಗಳು ನೆನಪಾಗುತ್ತವೆ, ತಯಾರಾಗಿ ಕೂತು ನೋಡಿ.

ಪ್ರಶ್ನೆ: ವಿಕ್ತೋರ್ ಎರಿಥೆ ಅವರ ‘ಎಲ್ ಸೂರ್’ ಚಿತ್ರೀಕರಣವನ್ನು ಕೆರೆಹೇತಾ ಅರ್ಧಕ್ಕೇ ನಿಲ್ಲಿಸಿದರಲ್ಲ. ಅದನ್ನು ಯಾಕೆ ಬರೆಯಲಿಲ್ಲ? (ಮೈಸೂರಿನ ಓದುಗರು)

ಜಾಗ ಸಾಲಲಿಲ್ಲ, ಅಷ್ಟೇ. ವಿಷಯ ನಿಜ. ಕಥೆಯ ಮೊದಲ ಭಾಗ ಉತ್ತರದಲ್ಲಿ, ಎರಡನೆಯದು ದಕ್ಷಿಣದ ಆಂದಲೂಸಿಯಾದಲ್ಲಿ ನಡೆಯಬೇಕಿತ್ತು. ಉತ್ತರದ್ದು ಮುಗಿದ ಮೇಲೆ ನಿರ್ಮಾಪಕರು ಕೆಲಸ ನಿಲ್ಲಿಸಿದರು. ದುಡ್ಡಿನ ಕಾರಣ ಹೇಳಿದರು. ಆದಷ್ಟನ್ನೇ ಜೋಡಿಸಿ 1983ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದರು. ಹೆಸರಿನಲ್ಲಿ ದಕ್ಷಿಣ ಇದೆ, ಸಿನಿಮಾ ದಕ್ಷಿಣಕ್ಕೆ ಹೋಗುವುದೇ ಇಲ್ಲ.

ಅರ್ಧವೇ ಚೆನ್ನಾಗಿದೆ, ನಿಲ್ಲಿಸಿದ್ದೇ ಒಳ್ಳೆಯದಾಯಿತು ಅನ್ನುವವರು ಬಹಳ ಜನ. ನಾನು ಒಪ್ಪಲ್ಲ. ಉಳಿದಿರುವುದು ಅದ್ಭುತವಾಗಿದೆ, ಹೌದು. ಆದರೆ ಎರಿಥೆ ಅದನ್ನು ಅಪೂರ್ಣ ಅಂತಲೇ ಕಂಡರು. ಅವರು ಬರೆದಿಟ್ಟ ಇನ್ನರ್ಧವನ್ನು ಇವತ್ತಿಗೂ ಯಾರೂ ತೆರೆಯ ಮೇಲೆ ನೋಡಿಲ್ಲ. 1973ರಲ್ಲಿ ಇದೇ ಇಬ್ಬರು ಸೇರಿ ‘ಎಲ್ ಎಸ್ಪಿರಿತು ದೆ ಲಾ ಕೊಲ್ಮೇನಾ’ ಕೊಟ್ಟವರು. ‘ಎಲ್ ಸೂರ್’ ನಂತರ ಜೊತೆಗೆ ಕೆಲಸ ಮಾಡಲಿಲ್ಲ. ಕೆರೆಹೇತಾ ಮೇಲೆ ನನಗಿರುವ ಗೌರವ ದೊಡ್ಡದು, ಆದರೂ ಈ ಒಂದು ವಿಷಯದಲ್ಲಿ ನಾನು ಎರಿಥೆ ಪರ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ಸ್ಪ್ಯಾನಿಷ್ ಸಿನಿಮಾ ಒಂದೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ? (ಉಡುಪಿಯ ಓದುಗರು)

‘ಬಾರ್ರಿಯೋ’, 1998. ಇದೂ ಅರನೋವಾ ಅವರದೇ. ಆಗಸ್ಟ್ ತಿಂಗಳು, ಮ್ಯಾಡ್ರಿಡ್‌ನ ಜನ ರಜೆಗೆ ಹೋಗಿದ್ದಾರೆ. ಹೋಗಲು ದುಡ್ಡಿಲ್ಲದ ಮೂವರು ಹುಡುಗರು ಬಡಾವಣೆಯಲ್ಲೇ ಉಳಿದಿದ್ದಾರೆ. ಒಬ್ಬನಿಗೆ ಪಿಜ್ಜಾ ಡೆಲಿವರಿ ಕೆಲಸ ಸಿಗುತ್ತದೆ, ಬೈಕ್ ಇಲ್ಲ, ಬಸ್ಸಿನಲ್ಲಿ ಪಿಜ್ಜಾ ಹಿಡಿದು ಹೋಗುತ್ತಾನೆ. ಇನ್ನೊಬ್ಬನಿಗೆ ಸ್ಪರ್ಧೆಯಲ್ಲಿ ನೀರಿನ ಮೇಲೆ ಓಡಿಸುವ ಸ್ಕೂಟರ್ ಬಹುಮಾನ ಬರುತ್ತದೆ. ಸಮುದ್ರ 300 ಕಿಲೋಮೀಟರ್‌ಗೂ ಆಚೆ ಇದೆ. ಅದನ್ನು ರಸ್ತೆಯ ದೀಪದ ಕಂಬಕ್ಕೆ ಸರಪಳಿ ಹಾಕಿ ಕಟ್ಟಿಡುತ್ತಾರೆ.

ನಿಮ್ಮ ವಯಸ್ಸಿನವರಿಗೆ ಇದು ಬೇಗ ಹತ್ತಿರವಾಗುತ್ತದೆ. ಇದಾದ ಮೇಲೆ ‘ದೆಪ್ರೀಸಾ’, ಆಮೇಲೆ ‘ಲಾ ಕಾಥಾ’. ಹೀಗೆ ಹಿಂದಕ್ಕೆ ಹೋಗಿ. ನೋಡಿ ಮುಗಿದ ಮೇಲೆ ಪತ್ರ ಬರೆಯಿರಿ, ಇಷ್ಟವಾಗದಿದ್ದರೂ ಬರೆಯಿರಿ.