ಮುಳುಗಿಯೂ ಬದುಕುವ ಭತ್ತ: ಕುಮಟಾದ ಓದುಗರಿಗೆ ಉತ್ತರ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಿಮ್ಮ ಮೇಲಿನ ಗದ್ದೆ ಒಂಬತ್ತು ದಿನ ನೆರೆನೀರಿನಡಿ ಇದ್ದು ನಾಟಿಯೆಲ್ಲ ಕೊಳೆತುಹೋದ ಸಂಗತಿ ಓದಿ ನೋವಾಯಿತು. ಮುಳುಗಿದರೂ ಸಾಯದ ‘ಸ್ವರ್ಣ-ಸಬ್ 1’ ಕುಲಾಂತರಿ ಭತ್ತವೇ, ಅದು ಬಂದ ಮೇಲೆ ಗಜನಿಯ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಕಗ್ಗದ, ಅಂದರೆ ಉಪ್ಪು ತಾಳುವ ನಾಡಭತ್ತದ, ಬೀಜವನ್ನು ಇನ್ನೂ ಇಟ್ಟುಕೊಳ್ಳಬೇಕೇ ಎಂದು ಕೇಳಿದ್ದೀರಿ.

ಅದು ಕುಲಾಂತರಿಯಲ್ಲ. ಆ ಗುಣ ಬಂದದ್ದು ಒಡಿಶಾದ ರೈತರ ನಾಡತಳಿಯಿಂದ ಆರಿಸಿದ ಎಫ್‌ಆರ್ 13ಎ ಎಂಬ ಭತ್ತದಿಂದ. ಇದರ ಸಹನಶಕ್ತಿಯ ಬಹುಪಾಲು ಒಂಬತ್ತನೆಯ ವರ್ಣತಂತುವಿನ ಒಂದೇ ನೆಲೆಯಲ್ಲಿದೆ ಎಂಬುದು 1996ರಲ್ಲಿ ತಿಳಿಯಿತು. 2006ರಲ್ಲಿ ‘ಸಬ್1ಎ’ ಎಂಬ ವಂಶವಾಹಿಯೇ ಕೈಗೆ ಸಿಕ್ಕಿತು. ಆ ನೆಲೆಯನ್ನು ಸ್ವರ್ಣ ತಳಿಗೆ ಮತ್ತೆ ಮತ್ತೆ ಸಂಕರಿಸಿ, ಪ್ರತಿ ಪೀಳಿಗೆಯ ಸಸಿಗಳನ್ನು ಡಿಎನ್ಎ ಗುರುತುಗಳಿಂದ ಪರೀಕ್ಷಿಸಿ ಆರಿಸಿ ಸೇರಿಸಲಾಯಿತು. ಭಾರತದಲ್ಲಿ ಅದು ಬಿಡುಗಡೆಯಾದದ್ದು 2009ರಲ್ಲಿ.

ಅದು ಬದುಕುವ ಬಗೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ನೀರಿನಡಿ ಸಿಕ್ಕ ಸಸಿಯೊಳಗೆ ಎಥಿಲೀನ್ ಅನಿಲ ಹೊರಹೋಗಲಾರದೆ ತುಂಬಿಕೊಳ್ಳುತ್ತದೆ. ಸಾಮಾನ್ಯ ಭತ್ತ ಆ ಸೂಚನೆಗೆ ಗಾಬರಿಬಿದ್ದಂತೆ ಎಲೆಗಳನ್ನು ಮೇಲಕ್ಕೆ ಚಾಚುತ್ತ, ಕೂಡಿಟ್ಟ ಪಿಷ್ಟ, ಸಕ್ಕರೆಯನ್ನೆಲ್ಲ ಖರ್ಚು ಮಾಡುತ್ತದೆ. ನೀರಿಳಿದಾಗ ಆ ತೆಳ್ಳನೆಯ ಉದ್ದ ಎಲೆಗಳು ಕೆಸರಿಗೆ ಅಂಟಿ ಬಿದ್ದಿರುತ್ತವೆ. ನೀವು ಕಂಡದ್ದು ಇದನ್ನೇ. ಸಬ್1ಎ ಇರುವ ಸಸಿಯಾದರೋ ಬೆಳವಣಿಗೆ ಪ್ರಚೋದಿಸುವ ಹಾರ್ಮೋನಾದ ಜಿಬ್ಬರೆಲಿನ್‌ನ ಕರೆಗೆ ಓಗೊಡದೆ, ಗಿಡ್ಡಗಾಗಿಯೇ ಉಳಿದು, ಸುಮಾರು ಎರಡು ವಾರ ತಾಳಿಕೊಂಡು, ನೀರಿಳಿದ ಮೇಲೆ ಬುಡದಿಂದ ಹೊಸ ಎಲೆ ಹೊರಡಿಸುತ್ತದೆ.

ಆದರೆ ಈ ರಕ್ಷಣೆಗೆ ಮಿತಿಯುಂಟು. ಇದು ನಾಟಿಯ ನಂತರದ ಎಳೆಯ ಬೆಳವಣಿಗೆಯ ಹಂತಕ್ಕೆ ಒದಗುವ ಗುಣ, ತೆನೆ ಹೊರಟ ಮೇಲಿನದಲ್ಲ. ಕೆಸರು ತುಂಬಿದ ನೀರಿನಲ್ಲಿ ಬದುಕುವ ಸಸಿಗಳು ಕಡಿಮೆಯಾಗುತ್ತವೆ. ಉಪ್ಪಿಗಂತೂ ಇದು ಮದ್ದಲ್ಲ. ಉಪ್ಪು ತಾಳುವ ಶಕ್ತಿಯ ಲೆಕ್ಕವೇ ಬೇರೆ: ಕೇರಳದ ಪೊಕ್ಕಾಳಿ ಎಂಬ ಉಪ್ಪುನೆಲದ ಭತ್ತದಲ್ಲಿ ಗುರುತಿಸಿದ ‘ಸಾಲ್ಟಾಲ್’ ನೆಲೆ ಮೊದಲನೆಯ ವರ್ಣತಂತುವಿನಲ್ಲಿದೆ, ಮತ್ತು ಅಂಥ ಗುಣ ಒಂದೇ ವಂಶವಾಹಿಯಿಂದ ಬರುವುದಿಲ್ಲ.

ಆದ್ದರಿಂದ ನೆರೆ ಬರುವ ಮೇಲಿನ ಸಿಹಿನೀರಿನ ಗದ್ದೆಯಲ್ಲಿ ಸ್ವರ್ಣ-ಸಬ್ 1ನ್ನು ಮೊದಲು ಒಂದು ಮೂಲೆಯಲ್ಲಿ ಹಾಕಿ ನೋಡಿ; ಅದು ದೀರ್ಘಾವಧಿ ತಳಿಯೆಂಬುದು ನೆನಪಿರಲಿ. ಅಘನಾಶಿನಿಯ ಉಬ್ಬರದ ನೀರು ಕಟ್ಟೆ ದಾಟಿ ಬರುವ ಗಜನಿಗೆ ಕಗ್ಗವನ್ನೇ ಬಿತ್ತಿರಿ, ಅದರ ಬೀಜವನ್ನು ದಯವಿಟ್ಟು ಕೈಬಿಡಬೇಡಿ.

— ಸಂಪಾದಕ