ಟೆನಿಸ್ ಪ್ರಶ್ನೋತ್ತರ: ಯಾವಾಗ ಊರು ಬಿಡಬೇಕು, ಎಷ್ಟು ದುಡ್ಡು ಬೇಕು

ಪ್ರಶ್ನೆ: ಮಗಳಿಗೆ 11 ವರ್ಷ. ಶಾಲಾ ಟೂರ್ನಿಗಳಲ್ಲಿ ಅವಳನ್ನು ಸೋಲಿಸುವವರೇ ಇಲ್ಲ. ತಾಯಿ-ಮಗಳು ಬೆಂಗಳೂರಿನಲ್ಲಿ ಮನೆ ಮಾಡಿ ಅಕಾಡೆಮಿ ಸೇರಲಿ ಅಂತ ಎಲ್ಲರೂ ಹೇಳ್ತಾರೆ. ಏನು ಮಾಡಲಿ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ಮೊದಲು ಅವಳು ಹೇಗೆ ಗೆಲ್ಲುತ್ತಿದ್ದಾಳೆ ನೋಡಿ. ಈ ವಯಸ್ಸಿನಲ್ಲಿ ಚೆಂಡನ್ನು ಎತ್ತರಕ್ಕೆ ಎತ್ತಿ ಹಾಕುತ್ತಿದ್ದರೆ ಸಾಕು, ಎದುರಿನ ಮಗುವಿನ ತಲೆ ಮೇಲೆ ಪುಟಿದು ಪಾಯಿಂಟ್ ಬರುತ್ತದೆ. 14ರ ಹೊತ್ತಿಗೆ ಎದುರಾಳಿಗಳೂ ಬೆಳೆದಿರುತ್ತಾರೆ, ಅದೇ ಚೆಂಡನ್ನು ಬಡಿದು ಮುಗಿಸುತ್ತಾರೆ.

ಸರ್ವ್ ಮಾಡುವಾಗ ಹಿಡಿತ ಗಮನಿಸಿ. ಸುತ್ತಿಗೆ ಹಿಡಿದಂತೆ ಹಿಡಿದಿರಬೇಕು. ರೊಟ್ಟಿ ಬಡಿಯುವ ಅಂಗೈಯಂತೆ ರ‍್ಯಾಕೆಟ್‌ನ ಮುಖ ನೆಟ್‌ ಕಡೆ ತೆರೆದುಕೊಂಡಿದ್ದರೆ ಆ ಸರ್ವ್‌ಗೆ ಮುಂದೆ ಸ್ಪಿನ್ ಬರುವುದಿಲ್ಲ. ಇದನ್ನು ತಿದ್ದಲು ಬೆಂಗಳೂರು ಬೇಕಿಲ್ಲ, ದಿನಕ್ಕೆ 50 ಸರ್ವ್‌ನಂತೆ ನಾಲ್ಕಾರು ತಿಂಗಳು ಬೇಕು. ಆ ಅವಧಿಯಲ್ಲಿ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆಯುವುದು) ಹೆಚ್ಚಾಗಿ, ಈಗ ಅವಳು ಸೋಲಿಸುತ್ತಿರುವವರ ಕೈಯಲ್ಲೇ ಸೋಲುತ್ತಾಳೆ. ಹಾಗೆ ಸೋತಾಗ ಹಳೆಯ ಹಿಡಿತಕ್ಕೆ ಮರಳಲು ಬಿಡಬೇಡಿ. ಮುಕ್ಕಾಲು ಪಾಲು ಮಕ್ಕಳು ಕೆಡುವುದು ಇಲ್ಲೇ.

ಅಖಿಲ ಭಾರತ ಟೆನಿಸ್ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, 12 ವರ್ಷದೊಳಗಿನವರ ವಿಭಾಗದ ಟ್ಯಾಲೆಂಟ್ ಸೀರೀಸ್‌ನಿಂದ ಆರಂಭಿಸಿ. ಅದರ ಮೇಲೆ ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಇವೆ. ಎರಡು ಗೆದ್ದರೆ ಒಂದು ಸೋಲುವಂಥ ಮಟ್ಟದಲ್ಲಿ ಆಡುವುದು ಮಗುವಿಗೆ ಒಳ್ಳೆಯದು. ಸತತ ನಾಲ್ಕು ಟೂರ್ನಿ ಮೊದಲ ಸುತ್ತಿನಲ್ಲೇ ಸೋತರೆ ಒಂದು ಮೆಟ್ಟಿಲು ಕೆಳಗಿಳಿಸಿ. ಕೋರ್ಟ್ ಮೇಲಿನ ಅಭ್ಯಾಸ ವಾರಕ್ಕೆ ಅವಳ ವಯಸ್ಸಿನಷ್ಟು ಗಂಟೆ, ಅಂದರೆ 11 ಗಂಟೆ ದಾಟದಿರಲಿ. ಹುಬ್ಬಳ್ಳಿ-ಧಾರವಾಡದಲ್ಲಿ ಅವಳನ್ನು ಸೋಲಿಸಬಲ್ಲ ಮೂವರು ಜೊತೆಗಾರರು, ಹುಡುಗರಾದರೂ ಸರಿ, ಸಿಗದೇ ಹೋದ ದಿನ ಊರು ಬಿಡುವ ಮಾತಾಡೋಣ. ಅದಕ್ಕೂ ಮೊದಲು ಬೇಸಿಗೆ ರಜೆಯಲ್ಲಿ ನಾಲ್ಕು ವಾರ ಬೆಂಗಳೂರಿನಲ್ಲಿ ಆಡಿಸಿ ನೋಡಿ.

ಪ್ರಶ್ನೆ: ಮಗ ಪಿಯುಸಿ ಎರಡನೇ ವರ್ಷ. ಪೂರ್ತಿ ಟೆನಿಸ್‌ಗೇ ಇಳಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಪ್ರೊಫೆಷನಲ್ ಆದರೆ ದುಡಿಮೆ ಎಷ್ಟು, ಖರ್ಚು ಎಷ್ಟು? ಲೆಕ್ಕ ಸಮೇತ ಹೇಳಿ.
— ಬೆಟಗೇರಿ, ಗದಗ

ಉತ್ತರ: ಪ್ರೊಫೆಷನಲ್ ಟೆನಿಸ್‌ನಲ್ಲಿ ತಿಂಗಳ ಪಗಾರ ಇಲ್ಲ. ಹುಡುಗರ ಮೊದಲ ಮೆಟ್ಟಿಲು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಎಂ15 ಟೂರ್ನಿ. ಅದರ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್, ಕ್ವಾರ್ಟರ್ ಫೈನಲ್‌ನಲ್ಲಿ ಸೋತವನಿಗೆ 438, ಎರಡನೇ ಸುತ್ತಿನಲ್ಲಿ ಸೋತವನಿಗೆ 258, ಮೊದಲ ಸುತ್ತಿನಲ್ಲೇ ಸೋತವನಿಗೆ 156. ಗೆದ್ದವನಿಗೆ 15 ಎಟಿಪಿ ಪಾಯಿಂಟ್, ಅಂದರೆ ಪುರುಷರ ವಿಶ್ವ ರ‍್ಯಾಂಕಿಂಗ್ ಪಟ್ಟಿಗೆ ಲೆಕ್ಕವಾಗುವ ಪಾಯಿಂಟ್. ಮೊದಲ ಸುತ್ತು ದಾಟಿದರೆ 1, ದಾಟದಿದ್ದರೆ ಸೊನ್ನೆ.

ಈಗ ಒಂದು ವಾರದ ಲೆಕ್ಕ ಹಾಕೋಣ. ಬೇರೆ ರಾಜ್ಯದ ಊರು, ಕೋಚ್ ಇಲ್ಲದೆ ಒಬ್ಬನೇ ಹೋಗಿದ್ದಾನೆ ಅಂತಿಟ್ಟುಕೊಳ್ಳಿ. ರೂಮಿಗೆ ದಿನಕ್ಕೆ 2,000ದಂತೆ ಏಳು ದಿನಕ್ಕೆ 14,000 ರೂಪಾಯಿ. ಊಟಕ್ಕೆ ದಿನಕ್ಕೆ 800ರಂತೆ 5,600. ಹೋಗಿ ಬರುವ ರೈಲು, ಆಟೊ 4,000. ನಾಲ್ಕು ಸಲ ಗಟ್ಟಿಂಗ್ (ರ‍್ಯಾಕೆಟ್‌ಗೆ ಹೊಸ ದಾರ ಬಿಗಿಸುವುದು), ಸಲಕ್ಕೆ 900ರಂತೆ 3,600. ಒಟ್ಟು 27,200 ರೂಪಾಯಿ. ಡಾಲರ್‌ಗೆ 85 ರೂಪಾಯಿ ಹಿಡಿದರೆ ಎರಡನೇ ಸುತ್ತಿನಲ್ಲಿ ಸೋತವನಿಗೆ ಸಿಗುವುದು ಸುಮಾರು 21,900. ಅಂದರೆ ಕ್ವಾರ್ಟರ್ ಫೈನಲ್ ಮುಟ್ಟದೆ ಅಸಲೂ ಹುಟ್ಟುವುದಿಲ್ಲ. ತೆರಿಗೆ, ಪ್ರವೇಶ ಶುಲ್ಕ ಇದರಲ್ಲಿ ಹಿಡಿದಿಲ್ಲ. ಕೋಚ್ ಜೊತೆಗೆ ಬಂದರೆ ಖರ್ಚು ಹೆಚ್ಚುಕಡಿಮೆ ಇಮ್ಮಡಿ, ವಿದೇಶವಾದರೆ ಕೇಳುವುದೇ ಬೇಡ.

ದೇಶದ ನಂಬರ್ 1 ಆಟಗಾರನಾಗಿದ್ದ ಸುಮಿತ್ ನಾಗಲ್, ಬ್ಯಾಂಕ್ ಖಾತೆಯಲ್ಲಿ 900 ಯೂರೊ ಮಾತ್ರ ಉಳಿದಿದೆ ಎಂದು 2023ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಕೆಲವೇ ತಿಂಗಳ ನಂತರ, 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು, 31ನೇ ಶ್ರೇಯಾಂಕದ ಕಜಕಸ್ತಾನದ ಬುಬ್ಲಿಕ್ ಅವರನ್ನು ಸೋಲಿಸಿ ಎರಡನೇ ಸುತ್ತು ತಲುಪಿದರು. ಆ ಒಂದೇ ವಾರಕ್ಕೆ 1,80,000 ಆಸ್ಟ್ರೇಲಿಯನ್ ಡಾಲರ್ ಬಂತು. ಈ ಆಟದ ದುಡ್ಡೆಲ್ಲ ಹೀಗೆ ಮೇಲಿನ ಮೆಟ್ಟಿಲಲ್ಲೇ ಇದೆ. ಅಲ್ಲಿಗೆ ಹತ್ತುವವರೆಗಿನ ಮೂರು-ನಾಲ್ಕು ವರ್ಷ ಮನೆಯ ಹಣವೇ ಕರಗುತ್ತದೆ.

ಆದ್ದರಿಂದ ನಮ್ಮ ಸಲಹೆ ಇದು. ಪಿಯುಸಿ ಒಳ್ಳೆಯ ಅಂಕದಲ್ಲಿ ಮುಗಿಸಲಿ. 18 ತುಂಬುವವರೆಗೂ ಅಂತರರಾಷ್ಟ್ರೀಯ ಜೂನಿಯರ್ ಟೂರ್ನಿಗಳ ಕೆಳಗಿನ ಮೆಟ್ಟಿಲುಗಳಾದ ಜೆ30, ಜೆ60 ಅನ್ನು ದೇಶದೊಳಗೇ ಆಡಲಿ. ನೆನಪಿರಲಿ, ಜೂನಿಯರ್ ಪಾಯಿಂಟ್‌ಗಳು ಎಟಿಪಿ ಪಟ್ಟಿಗೆ ಬರುವುದಿಲ್ಲ. ಎಂ15 ಮಟ್ಟದ ಅಳತೆ ಕಣ್ಣಾರೆ ನೋಡಬೇಕೆಂದರೆ ನಮ್ಮ ಭಾಗಕ್ಕೆ ಟೂರ್ನಿ ಬಂದಾಗ ಬಿಡಬೇಡಿ. 2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲೇ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ, 25,000 ಡಾಲರ್ ಬಹುಮಾನದ ಪುರುಷರ ಟೂರ್ನಿ ನಡೆದಿತ್ತು. ಪಂದ್ಯಕ್ಕಿಂತ ಮುಂಜಾನೆಯ ಅಭ್ಯಾಸ ನೋಡಿ, ಎರಡನೇ ಸರ್ವ್ ಎಷ್ಟು ಭಾರವಾಗಿ ಬೀಳುತ್ತದೆ ಎಂದು ಆಗಲೇ ತಿಳಿಯುತ್ತದೆ.

ಇನ್ನೊಂದು ದಾರಿ ಅಮೆರಿಕದ ಕಾಲೇಜು ಟೆನಿಸ್. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2007 ಮತ್ತು 2008ರಲ್ಲಿ ಕಾಲೇಜು ಚಾಂಪಿಯನ್ ಆಗಿ, ಆಮೇಲೆ 62ನೇ ರ‍್ಯಾಂಕ್‌ವರೆಗೆ ಏರಿದರು. ವಿದ್ಯಾರ್ಥಿವೇತನ ಸಿಕ್ಕರೆ ಕೋಚ್, ಕೋರ್ಟ್, ಪಂದ್ಯ ಎಲ್ಲವೂ ಓದಿನ ಜೊತೆಗೇ ಬರುತ್ತವೆ. ಈ ಯೋಚನೆ ಇದ್ದರೆ ಮಗ ಗಳಿಸಿದ ಬಹುಮಾನ, ಮಾಡಿದ ಖರ್ಚು ಎರಡಕ್ಕೂ ಈಗಿನಿಂದಲೇ ರಸೀದಿ ಇಡಿ. ಅಲ್ಲಿ ಕೇಳಬಹುದು.

ಪ್ರಶ್ನೆ: 14 ವರ್ಷದ ಮಗನಿಗೆ ಮೊಣಕೈ ನೋವು. ರ‍್ಯಾಕೆಟ್ ದುಬಾರಿಯದೇ. ಗಟ್ಟಿಂಗ್ 56 ಪೌಂಡ್‌ಗೆ ಬಿಗಿಸಿದ್ದೇವೆ, ದಾರ ಐದು ತಿಂಗಳಾದರೂ ಹರಿದಿಲ್ಲ.
— ಸಪ್ತಾಪುರ, ಧಾರವಾಡ

ಉತ್ತರ: ಹರಿಯದೆ ಉಳಿದಿರುವುದೇ ತೊಂದರೆ. ನಿಮ್ಮದು ಪಾಲಿಯೆಸ್ಟರ್ ದಾರ ಇರಬೇಕು. ಅದು 10-12 ಗಂಟೆ ಆಟದಲ್ಲೇ ಸತ್ವ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹೊಸದರಂತೆ ಇರುತ್ತದೆ. ಪರೀಕ್ಷೆ ಸುಲಭ. ಉದ್ದ ದಾರವೊಂದನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಬಿಡಿ. ಟಕ್ಕನೆ ತನ್ನ ಜಾಗಕ್ಕೆ ಮರಳದೆ ಅಲ್ಲೇ ನಿಂತರೆ, ಅಡ್ಡ ದಾರ ಹಾಯುವ ಕಡೆ ಗಾಡಿ ಜಾಡಿನಂತೆ ಕೊರೆತ ಕಂಡರೆ, ಆ ದಾರ ಸತ್ತಿದೆ. ಆಮೇಲೆ ಚೆಂಡಿನ ಪೆಟ್ಟನ್ನೆಲ್ಲ ಕೈಯೇ ತಿನ್ನಬೇಕು.

ಪೂರ್ತಿ ಕಿತ್ತು, ಮಲ್ಟಿಫಿಲಮೆಂಟ್ ದಾರವನ್ನು (ಹಲವು ಸಣ್ಣ ಎಳೆಗಳ ಮೆತ್ತನೆಯ ದಾರ) 50 ಪೌಂಡ್‌ಗೆ ಹಾಕಿಸಿ. ಪಾಲಿಯೆಸ್ಟರ್ ಬೇಕೇ ಬೇಕು ಅಂದರೆ ಉದ್ದಕ್ಕೆ ಅದು, ಅಡ್ಡಕ್ಕೆ ಸಿಂಥೆಟಿಕ್ ಗಟ್ ಎಂಬ ನೈಲಾನ್ ದಾರ, 48 ಪೌಂಡ್‌ಗೆ. ವಾರಕ್ಕೆ ಎಷ್ಟು ದಿನ ಆಡುತ್ತಾನೋ ವರ್ಷಕ್ಕೆ ಅಷ್ಟು ಸಲವಾದರೂ ಗಟ್ಟಿಂಗ್ ಆಗಬೇಕು, ಪಾಲಿಯೆಸ್ಟರ್ ಆದರೆ ಅದಕ್ಕಿಂತ ಬೇಗ. ರ‍್ಯಾಕೆಟ್ ಹಿಡಿದಾಗ ಬೆರಳ ತುದಿ ಮತ್ತು ಅಂಗೈ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರಬೇಕು. ಕೂರದಿದ್ದರೆ ಹಿಡಿ ಸಣ್ಣದಾಯಿತು, ಮೇಲೊಂದು ಓವರ್‌ಗ್ರಿಪ್ ಪಟ್ಟಿ ಸುತ್ತಿ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ನೆನೆದ ಚೆಂಡು ಭಾರವಾಗುತ್ತದೆ, ಅದರಲ್ಲಿ ಆಡಿಸಬೇಡಿ. ನೋವು ಮೊಣಕೈಯ ಒಳಬದಿಯಲ್ಲಿದ್ದರೆ ಇವತ್ತೇ ಸರ್ವ್ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಅಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ.

ಪ್ರಶ್ನೆ: ಬೋಪಣ್ಣನವರಂತೆ ಮಗನಿಗೆ ಡಬಲ್ಸ್ ಮಾತ್ರ ಆಡಿಸಿದರೆ ಹೇಗೆ?
— ರಾಣೆಬೆನ್ನೂರು

ಉತ್ತರ: ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ 1 ಆದದ್ದು ನಮ್ಮೆಲ್ಲರ ಹೆಮ್ಮೆ. ಆದರೆ ಅವರು ಸಿಂಗಲ್ಸ್‌ನಲ್ಲೂ 213ನೇ ರ‍್ಯಾಂಕ್‌ವರೆಗೆ ಹೋದವರು. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್‌ನ ನಿರ್ಣಾಯಕ ಸಿಂಗಲ್ಸ್ ಗೆದ್ದುಕೊಟ್ಟವರೂ ಅವರೇ. 18ರವರೆಗೆ ಎರಡನ್ನೂ ಆಡಿಸಿ.

ಪ್ರಶ್ನೆ: ಟೂರ್ನಿಗೆ ಆನ್‌ಲೈನ್‌ನಲ್ಲಿ ಹೆಸರು ಕೊಡಲು ಹೋದರೆ ಸಮಯ ಮುಗಿದಿತ್ತು. ಗಡುವು ಲೆಕ್ಕ ಹಾಕುವುದು ಹೇಗೆ?
— ಹಾವೇರಿ

ಉತ್ತರ: ಎಂ15 ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮುಂಚಿನ ಗುರುವಾರ ಹೆಸರು ಕೊಡಲು ಕೊನೆ. ಅಂತರರಾಷ್ಟ್ರೀಯ ಜೂನಿಯರ್ ಟೂರ್ನಿಗೆ 27 ದಿನ ಮುಂಚಿನ ಮಂಗಳವಾರ. ಹೆಸರು ಹಿಂಪಡೆಯಲು ಎರಡಕ್ಕೂ 13 ದಿನ ಮುಂಚಿನ ಮಂಗಳವಾರ ಕೊನೆ. ಗಡುವನ್ನು ಗ್ರೀನಿಚ್ ಸಮಯದಲ್ಲಿ 14:00 ಎಂದು ಹಾಕಿರುತ್ತಾರೆ. ಅದನ್ನು ನಮ್ಮ ಮಧ್ಯಾಹ್ನ 2 ಗಂಟೆ ಎಂದು ಓದಿಕೊಳ್ಳುವವರು ಬಹಳ, ನಮ್ಮಲ್ಲಿ ಅದು ಸಂಜೆ 7:30. ಐಪಿನ್ ಸಂಖ್ಯೆಯನ್ನು (ಅಂತರರಾಷ್ಟ್ರೀಯ ಫೆಡರೇಷನ್ ಆಟಗಾರನಿಗೆ ಕೊಡುವ ಗುರುತು ಸಂಖ್ಯೆ) ಮೊದಲೇ ಮಾಡಿಸಿಡಿ, ವರ್ಷಾವರ್ಷ ನವೀಕರಿಸಿ. ಗಡುವಿನ ಸಂಜೆ ಅದನ್ನು ಮಾಡಿಸಲು ಕೂತರೆ 7:30 ದಾಟಿಯೇ ಹೋಗುತ್ತದೆ.