ಗಲ್ಲಾದ ಜಗಳಕ್ಕೆ ಮೊದಲು ಪಾಲುದಾರಿಕೆ ಪತ್ರ

ಪ್ರಶ್ನೆ: ದಾವಣಗೆರೆಯಲ್ಲಿ ಅಪ್ಪ ಕಟ್ಟಿದ ಹಾರ್ಡ್‌ವೇರ್ ಅಂಗಡಿಯಲ್ಲಿ ಮದುವೆಗೂ ಮುಂಚಿನಿಂದ ದುಡಿಯುತ್ತಿದ್ದೇನೆ. ಪಾಲುದಾರಿಕೆ ಪತ್ರದಲ್ಲಿ ಅಪ್ಪ ಮತ್ತು ಅಣ್ಣನ ಹೆಸರು ಮಾತ್ರ ಇದೆ. ಮಳಿಗೆ ಅಪ್ಪನ ಸ್ವಯಾರ್ಜಿತ. ಅಕ್ಕ ಹುಬ್ಬಳ್ಳಿಯಲ್ಲಿದ್ದಾಳೆ. ಈಚೆಗೆ ಅಂಗಡಿಗೆ ಬಂದ ಅಣ್ಣನ ಮಗ ಯಾರನ್ನೂ ಕೇಳದೆ ಗಲ್ಲಾದಿಂದ ಹಣ ತೆಗೆಯುತ್ತಾನೆ. ಮಾತೆತ್ತಿದರೆ ಮನೆ ಒಡೆದೀತೆಂಬ ಭಯ.

ಉತ್ತರ: ಹುಡುಗನ ನಡತೆ ನಿಮ್ಮನ್ನು ನೋಯಿಸಿರುವುದು ಸಹಜ. ಆದರೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಪಾಲುದಾರಿಕೆ ಪತ್ರ. ಇಬ್ಬರೇ ಪಾಲುದಾರರಿರುವ ಸಂಸ್ಥೆಯಲ್ಲಿ ಒಬ್ಬರು ತೀರಿಕೊಂಡರೆ, ಪತ್ರದಲ್ಲಿ ಏನೇ ಬರೆದಿರಲಿ, ಆ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಷ್ಟು ವರ್ಷ ದುಡಿದ ನೀವು ಅಂದು ಪಾಲುದಾರರಾಗಿರದೆ, ತಂದೆಯವರ ವಾರಸುದಾರರಲ್ಲಿ ಒಬ್ಬರಾಗಿ ಮಾತ್ರ ನಿಲ್ಲುತ್ತೀರಿ. ಮಳಿಗೆಯದೂ ಅದೇ ಕಥೆ: ಉಯಿಲಿಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಅಣ್ಣ, ಅಕ್ಕ, ನೀವು, ಎಲ್ಲರಿಗೂ ಸಮಪಾಲು. ಆದ್ದರಿಂದ ಅಕ್ಕನನ್ನು ಹೊರಗಿಟ್ಟು ಯಾವ ಮಾತುಕತೆಯನ್ನೂ ನಡೆಸಬೇಡಿ. ಧೀರೂಭಾಯಿ ಅಂಬಾನಿಯವರು 2002ರಲ್ಲಿ ಉಯಿಲಿಲ್ಲದೆ ತೀರಿಕೊಂಡ ಮೇಲೆ, ದೊಡ್ಡ ದೊಡ್ಡ ವಕೀಲರಿದ್ದ ಆ ಮನೆಯಲ್ಲೂ 2005ರಲ್ಲಿ ತಾಯಿಯೇ ನಡುವೆ ನಿಂತು ಪಾಲು ಮಾಡಿಸಬೇಕಾಯಿತು.

ನಿಮ್ಮ ಅಂಗಡಿಯಲ್ಲಿ ದುಡಿಮೆಯ ಸಂಬಳ, ಪಾಲಿನ ಲಾಭ, ಮಳಿಗೆಯ ಬಾಡಿಗೆ ಮೂರೂ ಒಂದೇ ಗಲ್ಲಾದಲ್ಲಿ ಬೆರೆತಿರುವಂತೆ ಕಾಣುತ್ತದೆ. ಹಾಗಿರುವಾಗ ಹುಡುಗ ತೆಗೆದದ್ದು ಸಂಬಳವೋ ಅವನ ತಂದೆಯ ಲಾಭವೋ ಎಂದು ಹೇಳಲು ಯಾರಿಗೂ ಆಧಾರವಿಲ್ಲ. 1932ರ ಪಾಲುದಾರಿಕೆ ಕಾಯ್ದೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರನಿಗೆ ದುಡಿಮೆಗೆಂದು ಸಂಬಳವಿಲ್ಲ, ಲಾಭ ಸಮಪಾಲು ಎನ್ನುವುದು ಅದರ ನಿಯಮ. ದಿನವಿಡೀ ನಿಲ್ಲುವವನಿಗೂ ಸಂಜೆ ಬಂದು ಹೋಗುವವನಿಗೂ ಅದು ಭೇದ ಮಾಡುವುದಿಲ್ಲ. ಹೀಗಾಗಿ ನಿಮ್ಮನ್ನು ಪಾಲುದಾರರಾಗಿ ಸೇರಿಸುವ ಹೊಸ ಪತ್ರದಲ್ಲಿ ಯಾರಿಗೆ ಎಷ್ಟು ಸಂಬಳ, ಮನೆಖರ್ಚಿಗೆ ತಿಂಗಳಿಗೆ ಎಷ್ಟು, ಎಷ್ಟಕ್ಕಿಂತ ಹೆಚ್ಚಿನ ಹಣಕ್ಕೆ ಇಬ್ಬರ ಸಹಿ ಬೇಕು, ಮುಂದಿನ ತಲೆಮಾರಿನವರು ಯಾವ ಅರ್ಹತೆಯ ಮೇಲೆ ಸೇರಬಹುದು, ಬಿಟ್ಟು ಹೋಗುವವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ ಎಂಬುದೆಲ್ಲ ಇರಲಿ. ಪತ್ರ ಬರೆಸಿ, ಸಂಸ್ಥೆಯನ್ನು ನೋಂದಾಯಿಸಿ; ನೋಂದಣಿಯಿಲ್ಲದಿದ್ದರೆ ನಾಳೆ ಆ ಪತ್ರದ ಹಕ್ಕಿಗಾಗಿ ದಾವೆ ಹೂಡುವುದಕ್ಕೂ ತೊಡಕು.

ಈ ಮಾತನ್ನು ಗಿರಾಕಿಗಳ ಎದುರಾಗಲಿ ಊಟದ ಎಲೆಯ ಮುಂದಾಗಲಿ ಎತ್ತಬೇಡಿ. ಮೊದಲು ತಂದೆಯವರೊಬ್ಬರಿಗೇ ಹೇಳಿ, ಲೆಕ್ಕಪರಿಶೋಧಕರ ಸಮ್ಮುಖದಲ್ಲಿ ಅವರೇ ಎಲ್ಲರನ್ನೂ ಕರೆಯಲಿ. ಹುಡುಗನ ಹೆಸರೆತ್ತದೆ ನಿಮ್ಮ ಸ್ಥಾನದಿಂದಲೇ ಆರಂಭಿಸಿ. ಅಣ್ಣ ಪಾಲುದಾರಿಕೆಗೆ ಒಪ್ಪದಿದ್ದರೆ, ಪ್ರತಿ ತಿಂಗಳೂ ನಿಮ್ಮ ಬ್ಯಾಂಕ್ ಖಾತೆಗೆ ಬರುವ ಸಂಬಳವನ್ನಾದರೂ ಕೇಳಿ. ಅದಕ್ಕೂ ಒಪ್ಪಿಗೆ ಸಿಗದಿದ್ದರೆ ಬೇರೆ ಅಂಗಡಿಯ ಯೋಚನೆಯನ್ನು ತಂದೆಯವರು ಗಟ್ಟಿಯಾಗಿರುವಾಗಲೇ, ಅವರ ಮುಂದೆಯೇ ಇಡಿ.